ನೆಪವಾಗಿದ್ದ ಶುಗರ್

ನಮ್ಮೂರು ಗುಂಜಿಯಿಂದ ಬೆಳಗಾವಿಗೆ ಹೊರಟ ರೈಲಿನಲ್ಲಿ ಕೂತಿದ್ದಾಗ ಹೊರಗಿನ ಕಾಡು ಕರಗತೊಡಗಿತು. ಮರಗಳಿಗೆ ಅಂಚೇ ಇರಲಿಲ್ಲ. ಹಸಿರು ನೀರಿನೊಳಗೆ ತೇಲುತ್ತಿದ್ದೇನೆ ಅನ್ನಿಸಿತು. ಮಂಜಿರಬೇಕು ಅಂದುಕೊಂಡೆ. ಖಾನಾಪುರದಲ್ಲಿ ಬಿಸಿಲು ಬಿದ್ದಿತ್ತು. ಆದರೂ ಸ್ಟೇಷನ್ನಿನ ಹೆಸರು ಓದಲಾಗಲಿಲ್ಲ.

ಆ ರೋಗ ಕಣ್ಣಿಗೂ ಇಳಿಯಿತೇ?

ಹನ್ನೊಂದು ವರ್ಷದಿಂದ ನನಗೆ ಎಚ್‌ಐವಿ ಇದೆ. ಗಂಡ ಅದರಲ್ಲೇ ಹೋದರು. ನಾನು ಬೆಳಗಾವಿಗೆ ಹೋಗುವುದು ಅದಕ್ಕೆ ಕೊಡುವ ಎಆರ್‌ಟಿ ಗುಳಿಗೆಗೆಂದು ಮಗಳು ಸುಮಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಓಣಿಯವರು ಕೇಳಿದರೆ ಶುಗರ್ ಐತ್ರಿ ಅನ್ನುತ್ತಿದ್ದೆ.

ಅಂದು ಬೆಳಗಾವಿಯ ಎಆರ್‌ಟಿ ಸೆಂಟರಿನಲ್ಲಿ ಕಣ್ಣಿನ ಮಾತೆತ್ತಲಿಲ್ಲ. ಕೆಟ್ಟ ಸುದ್ದಿ ಕೇಳುವ ಧೈರ್ಯವಿರಲಿಲ್ಲ. ವಾರದ ಮೇಲೆ ಸುಮಾ ಖಾನಾಪುರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದಳು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಶುಗರ್ ಅಂದರು.

ನನಗೆ ನಗು ಬಂತು. ಆಮೇಲೆ ಅಳು.

ಬೇರೆ ಗುಳಿಗೆ ಏನಾದರೂ ನಡೆದಿದೆಯೇ ಎಂದು ಅವರು ಕೇಳಿದರು. ಸುಮಾ ನನ್ನ ಮುಖ ನೋಡಿದಳು.

ಇಲ್ಲ ಅಂದೆ.

ಹೊಸ ಗುಳಿಗೆ ಶುರುವಾದ ಮೇಲೆ ಹೊಟ್ಟೆ ಕೆಟ್ಟಿತು. ಊಟ ಸೇರಲಿಲ್ಲ. ನಡೆಯುವಾಗ ನೆಲ ಗೇಣುದ್ದ ಕೆಳಗೆ ಸರಿದಂತಿರುತ್ತಿತ್ತು. ಆ ದಿನಗಳೆಲ್ಲ ಕನಸಿನಲ್ಲಿ ಯಾರದೋ ಮನೆಯೊಳಗೆ ಓಡಾಡಿದಂತೆ ನೆನಪಿವೆ. ಒಂದು ಗುಳಿಗೆಯನ್ನು ಬಿಟ್ಟೇಬಿಡೋಣ ಅನ್ನಿಸುತ್ತಿತ್ತು. ಯಾವುದನ್ನು? ಅದು ತಿಳಿಯದೆ ಎರಡನ್ನೂ ನುಂಗುತ್ತಿದ್ದೆ.

ಮುಂದಿನ ಸಲ ಎಆರ್‌ಟಿ ಸೆಂಟರಿಗೆ ಹೋದಾಗ ಬಾಗಿಲ ಪಕ್ಕ ಹೊಸದೊಂದು ಟೇಬಲ್ ಇತ್ತು. ಬಿಪಿ, ಶುಗರ್ ಈಗ ಅಲ್ಲೇ ನೋಡುತ್ತಿದ್ದರು. ಸಿಸ್ಟರ್ ನನ್ನ ಬೆರಳು ಚುಚ್ಚಿ, ಮೀಟರ್ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಅಕ್ಕಾರ, ಶುಗರಿಗೆ ಏನರ ತಗೋತೀರೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಚೀಲದ ತಳದಿಂದ ಖಾನಾಪುರದ ಚೀಟಿ ತೆಗೆದುಕೊಟ್ಟೆ.

ಸೆಂಟರಿನ ಡಾಕ್ಟರು ಅದನ್ನು ನೋಡಿ ಬೈಯಲಿಲ್ಲ. ನನ್ನ ಎಆರ್‌ಟಿ ಗುಳಿಗೆಯ ಜೊತೆ ಈ ಶುಗರ್ ಗುಳಿಗೆ ಮೈಯಲ್ಲಿ ಹೆಚ್ಚು ಉಳಿದುಬಿಡುತ್ತದೆ, ಡೋಸ್ ಇಳಿಸಬೇಕು ಎಂದು ಬಿಡಿಸಿ ಹೇಳಿದರು. ಆಮೇಲೆ ಅಂದರು:

"ಇಲ್ಲಿ ಏನೂ ಮುಚ್ಚಿಡಬ್ಯಾಡ್ರಿ. ಎರಡೂ ನಾವ ನೋಡ್ತೀವಿ."

ಎರಡೂ.

ಇಷ್ಟು ವರ್ಷ ಒಂದೊಂದು ಬಾಗಿಲಲ್ಲಿ ನನ್ನ ಬದುಕಿನ ಒಂದೊಂದು ಪಾಲನ್ನಷ್ಟೇ ತೋರಿಸುತ್ತ ಬಂದಿದ್ದೆ. ಆ ಕುರ್ಚಿಯಲ್ಲಿ ಕೂತು ಅತ್ತೆ. ಸಿಸ್ಟರ್ ನನ್ನನ್ನು ತಡೆಯಲಿಲ್ಲ.

ಈಗ ಹೊಟ್ಟೆ ಸುಧಾರಿಸಿದೆ. ಕಣ್ಣು ನಿಧಾನವಾಗಿ ತಿಳಿಯಾಗುತ್ತಿದೆ. ಎರಡೂ ರೋಗ ಬಿಟ್ಟುಹೋಗುವಂಥವಲ್ಲ, ಗೊತ್ತು. ಮೊನ್ನೆ ಗುಳಿಗೆ ತೆಗೆದುಕೊಂಡು ಬರುವಾಗ ರೈಲಿನ ಸೀಟಿಗೆ ಒರಗಿದವಳು ಕಣ್ಣು ಬಿಟ್ಟಾಗ ಇಳಿಯಬೇಕಿದ್ದ ಗುಂಜಿ ದಾಟಿ ಲೋಂಡಾ ಬಂದಿತ್ತು. ಗಾಬರಿಯಲ್ಲಿ ಸುಮಾ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದಳು.

"ನಿದ್ದಿ ಹತ್ತಿತ್ತ ಸುಮಾ," ಅಂದೆ. "ಭಾಳ ವರ್ಷದ ಮ್ಯಾಲ."