ಎದ್ದವನ ಬಟ್ಟೆ ಒಗೆಯುವ ರಾಚಮ್ಮ

ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ರಸ್ತೆಯ ಪಕ್ಕದ ಬೋರ್‌ವೆಲ್ ತೊಟ್ಟಿಯ ಬಳಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಗೆಯುವ ಕಲ್ಲಿನ ಮೇಲೆ ಆಳುದ್ದದ ಬಿಳಿ ಬಟ್ಟೆಯೊಂದನ್ನು ಹರಡಿದ್ದಾರೆ. ಅದರ ತುಂಬ ಮೇಣದ ಹನಿಗಳು. ಒಂದೊಂದನ್ನೇ ಉಗುರಿನಿಂದ ಎಬ್ಬಿಸಿ, ಬಿಸಿನೀರು ಸುರಿದು, ಮತ್ತೆ ಉಗುರು ಹಚ್ಚುತ್ತಾರೆ. ಈ ಬಟ್ಟೆಯನ್ನು ಅವರು ಕಲ್ಲಿಗೆ ಬಡಿಯುವುದಿಲ್ಲ. ತುಸು ದೂರದ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಒಬ್ಬರು ಹಲ್ಲುಜ್ಜುತ್ತಿದ್ದಾರೆ. ಬಹಳ ಹೊತ್ತಿನಿಂದ ಉಜ್ಜುತ್ತಲೇ ಇದ್ದಾರೆ. ಕಣ್ಣು ಮಾತ್ರ ಬಟ್ಟೆಯ ಮೇಲಿದೆ.

"ನೋಡ್ಲಿ ಬುಡಿ. ನನ್ ಬಟ್ಟೆ ಬೆಳ್ಳಗಾಗೋ ವೊತ್ಗೆ ಅವರ ಹಲ್ಲೂ ಬೆಳ್ಳಗಾಯ್ತದೆ" ಎಂದು ರಾಚಮ್ಮ ತಲೆಯೆತ್ತದೆ ಹೇಳುತ್ತಾರೆ.

ಹಲ್ಲುಜ್ಜುತ್ತಿರುವವರು ಕುರಿಯಾಕೋಸ್. ವಯನಾಡಿನಿಂದ ಬಂದು ಇಲ್ಲಿಯೇ ನೆಲೆನಿಂತವರು. ಊರಂಚಿನ ಪುಟ್ಟ ಚರ್ಚಿನ ಒಳಗೆಲಸವೆಲ್ಲ ಅವರದು. ಗುಡ್ ಫ್ರೈಡೇ ಸಂಜೆ ಅಲ್ಲಿ ಬಿದಿರು ಮತ್ತು ಗೋಣಿತಾಟಿನ ಗವಿಯೊಂದನ್ನು ಕಟ್ಟಿ, ಯೇಸುವಿನ ಮರದ ಪ್ರತಿಮೆಯನ್ನು ಮಲಗಿಸಿ, ಈ ಬಿಳಿ ಬಟ್ಟೆಯನ್ನು ಹೊದಿಸುತ್ತಾರೆ. ಜನ ಮೇಣದ ಬತ್ತಿ ಹಿಡಿದು ಬಂದು ಪಾದಕ್ಕೆ ಮುತ್ತಿಡುತ್ತಾರೆ. ರಾತ್ರಿಯೇ ಪ್ರತಿಮೆ ಒಳಗೆ ಹೋಗುತ್ತದೆ, ಶನಿವಾರ ನಸುಕಿಗೆ ಬಟ್ಟೆ ರಾಚಮ್ಮನ ಕಲ್ಲಿಗೆ ಬರುತ್ತದೆ. ಭಾನುವಾರ ನಸುಕಿನಲ್ಲಿ ಗವಿಯ ಬಾಯಿ ತೆರೆದಾಗ ಒಳಗೆ ದೇಹವಿರಬಾರದು, ಮಡಿಸಿದ ಬಟ್ಟೆ ಮಾತ್ರ ಕಾಣಬೇಕು. ಸತ್ತವನು ಎದ್ದು ಹೋಗಿದ್ದಾನೆ ಎಂಬುದಕ್ಕೆ ಆ ಮುಂಜಾನೆ ಅಲ್ಲಿ ನೆರೆದವರ ಕಣ್ಣಿಗೆ ಬೀಳುವ ಗುರುತು ಅದೊಂದೇ.

ಮೂರು ಈಸ್ಟರ್‌ಗಳ ಹಿಂದೆ ಆ ಗುರುತೇ ಇರಲಿಲ್ಲ.

ರಾಚಮ್ಮ ಚರ್ಚಿನ ಬಟ್ಟೆ ಹಿಡಿದ ಮೊದಲ ವರ್ಷ ಅದು. ಗವಿ ತೆರೆದರೆ ಬರೀ ಹುಲ್ಲು. ಹಾಡು ಅರ್ಧಕ್ಕೆ ನಿಂತಿತು. ವೇದಿಕೆಯ ಹಾಸು, ಪಾದ್ರಿಗಳ ನಿಲುವಂಗಿ ಎಲ್ಲವೂ ಹಿಂದಿನ ಸಂಜೆಯೇ ಮರಳಿದ್ದವು. ಹೊದಿಕೆ ಮಾತ್ರ ರಾಚಮ್ಮನ ಮನೆಯ ಹಗ್ಗದ ಮೇಲೆ, ನೀಲಿ ಕೊಟ್ಟು, ಇಸ್ತ್ರಿ ಮಾಡಿ, ಮಡಿಸಿದ ಸ್ಥಿತಿಯಲ್ಲಿ ಸಿಕ್ಕಿತು. ಕಳ್ಳಿ ಎಂದು ಬಾಯಿಬಿಟ್ಟು ಅಂದವರು ಕೆಲವರು, ಅನ್ನದೆ ನೋಡಿದವರು ಹಲವರು.

"ಇದು ಹೆಣದ ಮ್ಯಾಲಿಂದು ಅಂತ ಚರ್ಚಿನೋರೇ ಏಳಿ ಕೊಟ್ರು. ಹೆಣದ ಮ್ಯಾಲಿನ ಬಟ್ಟೆ ತಿರ್ಗಾ ಆ ಮನೆಗೆ ಓಗಂಗಿಲ್ಲ, ಒಗೆಯೋರ್ಗೆ ಸೇರ್ತದೆ. ನಮ್ಮತ್ತೆ ಕಾಲ್ದಿಂದ ಅಂಗೇಯ. ಇನ್ಯಾರೂ ಕೇಳಾಕಿಲ್ಲ ಅಂತ ಮಡಿಕಂಬುಟ್ಟೆ" ಎಂದು ರಾಚಮ್ಮ ನೆನೆಯುತ್ತಾರೆ. "ಕದಿಯೋಳಾಗಿದ್ರೆ ಬೀದಿ ಕಾಣಂಗೆ ಹಗ್ಗದ ಮ್ಯಾಲೆ ಆಕಿರ್ತಿದ್ನಾ?"

ಅಂದು ಪಾದ್ರಿಗಳೇ ಮನೆಯ ಬಾಗಿಲಿಗೆ ಬಂದು, ಇದು ಸಾವಿನ ಹಬ್ಬವಲ್ಲ, ನಮ್ಮವನು ಎದ್ದಿದ್ದಾನೆ ಎಂದು ವಿವರಿಸಿದರು. ರಾಚಮ್ಮ ಪೂರ್ತಿ ಕೇಳಿಸಿಕೊಳ್ಳಲಿಲ್ಲ. 'ಎದ್ದ' ಎಂದ ತಕ್ಷಣ ಒಳಗೆ ಹೋಗಿ ಬಟ್ಟೆ ತಂದುಕೊಟ್ಟರು. ಬದುಕಿರುವವನ ಹೊದಿಕೆಯ ಮೇಲೆ ಒಗೆಯುವವರಿಗೆ ಯಾವ ಹಕ್ಕೂ ಇಲ್ಲ. ವ್ಯಾಜ್ಯ ಅಲ್ಲಿಗೆ ಮುಗಿಯಿತು, ಅನುಮಾನ ಮುಗಿಯಲಿಲ್ಲ. ಇನ್ನೊಮ್ಮೆ ಬಟ್ಟೆ ತಪ್ಪಿದರೆ ಚರ್ಚಿನದೆಲ್ಲವನ್ನೂ ಚಾಮರಾಜನಗರದ ಲಾಂಡ್ರಿಗೆ ಒಪ್ಪಿಸುವುದೆಂದು ಸಮಿತಿ ತೀರ್ಮಾನಿಸಿತು. ಮನೆಮನೆಗೂ ವಾಷಿಂಗ್ ಮೆಷಿನ್ ಬಂದ ಮೇಲೆ ರಾಚಮ್ಮನಿಗೆ ಉಳಿದಿರುವುದು ಲಾಡ್ಜ್ ಒಂದರ ಹಾಸಿಗೆ ಬಟ್ಟೆ ಮತ್ತು ಈ ಚರ್ಚು. ಗಂಡ ಮಾದೇಶ್ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಾರೆ. ಸೊಂಟ ಹಿಡಿದುಕೊಂಡ ದಿನ ಮನೆ ನಡೆಯುವುದು ಈ ಕಲ್ಲಿನಿಂದಲೇ.

ಅನುಮಾನ ಆಚೆಯವರದಷ್ಟೇ ಅಲ್ಲ. ಎದುರುಮನೆಯ ಪುಟ್ಟಬಸಮ್ಮ ಪೂಜೆಯ ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದಾರೆ. "ಅವಳು ಆ ಕಡೆ ಸೇರ್ಕಂಡವ್ಳೆ, ಬಾಯ್ಬುಡಾಕಿಲ್ಲ ಅಷ್ಟೆ" ಎನ್ನುವುದು ಅವರ ಖಚಿತ ಅಭಿಪ್ರಾಯ. "ಚರ್ಚಿನ ನೀರು ಮುಟ್ಟಿದ ಕೈಯಿ" ಎಂದರೆ, "ನಾನು ಮುಟ್ಟಿರೋದು ಬೋರ್‌ವೆಲ್ ನೀರು ಕಣವ್ವ" ಎಂದು ರಾಚಮ್ಮ ನಗುತ್ತಾರೆ.

ಶನಿವಾರ ನಡುಹಗಲು. ಬೆಳಗ್ಗೆ ಹಗ್ಗದ ಮೇಲೆ ಹರವಿದ್ದ ಬಟ್ಟೆ ಅಲ್ಲಿಲ್ಲ. ಬೈಕಿನಿಂದಿಳಿದ ಕುರಿಯಾಕೋಸ್ ಬರಿಯ ಹಗ್ಗವನ್ನೂ ಮುಚ್ಚಿದ ಬಾಗಿಲನ್ನೂ ನೋಡುತ್ತ ನಿಲ್ಲುತ್ತಾರೆ. ಬೀದಿಗೆ ನೀರು ಚೆಲ್ಲುತ್ತಿದ್ದ ಪುಟ್ಟಬಸಮ್ಮನಿಗೆ ಇಂಥ ಗಳಿಗೆ ಬಿಟ್ಟುಕೊಡುವ ಮನಸ್ಸಿಲ್ಲ.

"ಏನ್ ಸಾಮಿ, ಈ ವರ್ಸ ಬಟ್ಟೇನೂ ಎದ್ದು ಓಯ್ತಾ?"

"ಲಾಂಡ್ರಿಗೇ ಕೊಡೋಣ ಅಂತ ನಾನು ಸಮಿತಿಗೆ ಆಗಲೇ ಹೇಳಿದ್ದೆ" ಎನ್ನುತ್ತ ಕುರಿಯಾಕೋಸ್ ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಅಷ್ಟರಲ್ಲಿ ಮನೆ ಪಕ್ಕದ ತೊಟ್ಟಿಯ ಕಡೆಯಿಂದ ನೀರಿನ ಸದ್ದು. ಹೋಗಿ ನೋಡಿದರೆ ರಾಚಮ್ಮ ಅದೇ ಬಟ್ಟೆಯನ್ನು ಮತ್ತೆ ನೀರಿಗೆ ಹಾಕಿದ್ದಾರೆ.

"ಒಣಗಿದ್ದನ್ನು ಯಾಕೆ ಒದ್ದೆ ಮಾಡಿದ್ದು?" ಕುರಿಯಾಕೋಸರ ದನಿ ಏರುತ್ತದೆ.

"ದೊಡ್ಡಮಲ್ಲಪ್ಪನವರು ತೀರ್ಕಂಡ್ರಲ್ಲ, ಈಗ ಇದೇ ಬೀದೀಲಿ ತಮಟೆ ಬಡ್ಕಂಡು ಎತ್ಕಂಡೋದ್ರು. ಎರಚಿದ ಪುರಿ ಹಾರಿ ಬಂದು ಇದರ ಮ್ಯಾಲೆ ಬಿತ್ತು. ಹೆಣದ ಪುರಿ ಬಿದ್ದ ಬಟ್ಟೇನ ಎದ್ದೋನ ಮುಂದೆ ಮಡಗಕ್ಕಾಯ್ತದಾ? ನೀವ್ ಮಡಗ್ತೀರಾ?"

ಕುರಿಯಾಕೋಸರ ಮೊಬೈಲ್ ಜೇಬಿಗೆ ಮರಳುತ್ತದೆ. ಅಷ್ಟುದ್ದದ ಬಟ್ಟೆಯನ್ನು ಒಬ್ಬರೇ ಹಿಂಡಲಾಗದು. ಅವರು ಅಂಗಿಯ ತೋಳು ಮಡಿಸಿ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾರೆ. "ಬಲಕ್ಕೆ ತಿರ್ಗ್ಸಿ ಸಾಮಿ, ನೀವು ನನ್ ತಿರುವನ್ನೇ ಬಿಚ್ತಿದೀರಿ" ಎಂದು ರಾಚಮ್ಮ ಗದರುತ್ತಾರೆ. ಎದುರು ಬಾಗಿಲಲ್ಲಿ ಪುಟ್ಟಬಸಮ್ಮನ ಕೊಡ ಅರ್ಧದಲ್ಲೇ ನಿಂತಿದೆ. ಸಂಜೆ ಇಸ್ತ್ರಿಯಾದ ಬಟ್ಟೆಯ ಹಿಂದೆಯೇ, ಚರ್ಚಿನವರೆಗೂ, ಕುರಿಯಾಕೋಸರ ಬೈಕ್ ನಿಧಾನವಾಗಿ ಬರುತ್ತದೆ. ಅಭ್ಯಾಸ ಒಂದೇ ದಿನಕ್ಕೆ ಹೋಗುವುದಿಲ್ಲ.

ಭಾನುವಾರ ನಸುಕು. ಗೋಣಿಯ ಬಾಯಿ ಸರಿಯುತ್ತದೆ. ಒಳಗೆ ಯಾರೂ ಇಲ್ಲ; ಹುಲ್ಲಿನ ಮೇಲೆ ಮಡಿಸಿದ ಬಿಳುಪು ಮಾತ್ರ. ಎರಡು ದಿನ ಸುಮ್ಮನಿದ್ದ ಗಂಟೆ ಒಮ್ಮೆಗೇ ಮೊಳಗುತ್ತದೆ, ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಕುರಿಯಾಕೋಸ್ ಮೊದಲು ನೋಡಿದ್ದು ಬಟ್ಟೆಯನ್ನು, ಆಮೇಲೆ ಬಾಗಿಲಾಚೆ ಚಪ್ಪಲಿಗಳ ಪಕ್ಕ ನಿಂತ ರಾಚಮ್ಮನನ್ನು. ಪೂಜೆ ಮುಗಿದ ಮೇಲೆ ಸಮಿತಿಯವರು ಲಾಂಡ್ರಿಯ ಮಾತೆತ್ತಿದಾಗ ಕುರಿಯಾಕೋಸ್ ಹೇಳಿದ್ದು ಒಂದೇ ವಾಕ್ಯ: "ಲಾಂಡ್ರಿಯವರು ಕೇಳದೆ ಎರಡು ಸಲ ಒಗೆಯೋದಿಲ್ಲ."

ಅವನು ನಿಜಕ್ಕೂ ಎದ್ದನೆಂದು ನಂಬುತ್ತೀರಾ ಎಂದು ಕೇಳಿದರೆ ರಾಚಮ್ಮ ಸೋಡಾಪುಡಿಗೆ ಒಡೆದ ಅಂಗೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ.

"ನಾನೇನ್ ಕಂಡಿವ್ನಾ? ಅವರು ಎದ್ದ ಅಂತಾರೆ. ಅಂಗಂದ ಮ್ಯಾಲೆ ಬಟ್ಟೆ ನಂದಲ್ಲ. ಈ ಕೈಯಲ್ಲಿ ಏಸು ಜನ ಸತ್ತೋರ ಬಟ್ಟೆ ಇಸ್ಕಂಡಿವ್ನೋ ಲೆಕ್ಕ ಇಲ್ಲ ಕಣಪ್ಪ. ವಾಪಸ್ ಕೊಟ್ಟಿದ್ದು ಇದೊಂದೇಯ."