ಎಂಟನೇ ದಿನದ ಎರಡು ಬಟ್ಟಲು

ನಮ್ಮ ಅಕುವಾ ಟೀಚರ್ ಘಾನಾ ದೇಶದವರು. ಅಲ್ಲಿಯ ಕುಮಾಸಿ ಎಂಬ ಊರಿನಲ್ಲಿ ಆರು ವರ್ಷ ಮೂರನೇ ತರಗತಿಗೆ ಪಾಠ ಹೇಳಿದವರು. ಗಂಡ ಕ್ವಾಮೆಯ ಜೊತೆ ಮೆಲ್ಬರ್ನಿಗೆ ಬಂದಾಗ, ಆ ಸರ್ಟಿಫಿಕೇಟು ಇಲ್ಲಿ ಸಾಲದು, ಇನ್ನೊಂದು ಪರೀಕ್ಷೆ ಕಟ್ಟಬೇಕು ಎಂದರಂತೆ. ಅದಕ್ಕೆ ಓದಿಕೊಳ್ಳುತ್ತಲೇ ಊರಂಚಿನ ವೆರಿಬೀ ಬಡಾವಣೆಯ ಒಂದು ಸಭಾಂಗಣದಲ್ಲಿ ಮಂಗಳವಾರ, ಗುರುವಾರ ಹತ್ತರಿಂದ ಹನ್ನೆರಡರವರೆಗೆ ನಮ್ಮಂಥ ವಯಸ್ಸಾದವರಿಗೆ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸುತ್ತಾರೆ. ಎರಡು ಬಸ್ಸು ಹತ್ತಿ ಬರುತ್ತಾರೆ. ತುಂಬಿದ ಬಸುರಿಯಾಗಿದ್ದಾಗಲೂ ತಪ್ಪಿಸಲಿಲ್ಲ. ಒಂದು ಮಾತು ತಿಳಿಯದಿದ್ದರೆ ಹತ್ತು ಸಲ ಹೇಳುತ್ತಾರೆ, ಹತ್ತನೇ ಸಲವೂ ಮೊದಲನೇ ಸಲದ ದನಿಯಲ್ಲೇ.

ಅವರ ಅಕಾನ್ ಜನರಲ್ಲಿ ಮಗು ಹುಟ್ಟಿದ ವಾರವೇ ಅದರ ಮೊದಲ ಹೆಸರು. ಬುಧವಾರ ಹುಟ್ಟಿದ ಹೆಣ್ಣು ಅಕುವಾ, ಶನಿವಾರ ಹುಟ್ಟಿದ ಗಂಡು ಕ್ವಾಮೆ. ಮೊದಲ ದಿನ ಬೋರ್ಡಿನ ಮೇಲೆ ಏಳು ವಾರ ಬರೆದು ಒಬ್ಬೊಬ್ಬರನ್ನೂ ಕೇಳಿದರು. ನನ್ನ ಪಕ್ಕದ ಅನಸೂಯ, ಮಂಡ್ಯದವಳು, ಶುಕ್ರವಾರ ಎಂದಳು. ಅಫುವಾ ಆದಳು.

"ಶುಕ್ರವಾರ ಅಂತ ನಿಂಗ್ಯಾರೇ ಹೇಳಿದ್ದು?" ಅಂದೆ.

"ಯಾರೂ ಇಲ್ಲ. ಲಕ್ಷ್ಮಿ ವಾರ, ಇರ್ಲಿ ಅಂತ."

ನನ್ನ ಸರದಿ ಬಂತು. "ಗೊತ್ತಿಲ್ಲ ಟೀಚರ್. ಪಾಸ್‌ಪೋರ್ಟಲ್ಲಿ ಜೂನ್ ಒಂದು ಅಂತಿದೆ. ಅದು ಸುಳ್ಳು, ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರ್ಕೊಂಡಿದ್ದು."

ಕ್ಲಾಸೆಲ್ಲ ನಕ್ಕಿತು. ಟೀಚರ್ ನಗಲಿಲ್ಲ. ನನ್ನನ್ನು ಯಾವ ವಾರದ ಕೆಳಗೂ ಹಾಕದೆ ಬೋರ್ಡಿನ ಮೂಲೆಯಲ್ಲಿ ಪುಟ್ಟಮ್ಮ ಎಂದು ಬರೆದರು.

ಕಳೆದ ಮಾರ್ಚಿನ ಒಂದು ಮಂಗಳವಾರ ಅವರಿಗೆ ಹೆರಿಗೆಯಾಯಿತು. ಹೆಣ್ಣು, ಮಂಗಳವಾರದ ಅಬೆನಾ. ಶುಕ್ರವಾರ ನಾನೂ ಮಗಳು ಊರ್ಮಿಳಾ ಅಂಟಿನುಂಡೆ ತೆಗೆದುಕೊಂಡು ನೋಡಲು ಹೋದೆವು. ಟೀಚರ್ ಒಂದು ಉಂಡೆ ಕಚ್ಚಿ ಹಾಗೇ ಇಟ್ಟರು. ಅತ್ತು ಕಣ್ಣು ಊದಿತ್ತು.

ಅವರಲ್ಲಿ ಎಂಟು ದಿನದವರೆಗೆ ಮಗು ಬರೀ ನೆಂಟ, ಇರಲೂಬಹುದು, ಹೋಗಲೂಬಹುದು. ಹುಟ್ಟಿದ ದಿನವನ್ನೂ ಸೇರಿಸಿ ಎಂಟನೇ ದಿನ ಬೆಳಗಿನ ಜಾವ ಹಿರಿಯರೊಬ್ಬರು ಅದನ್ನು ಹೊರಗೆ ತಂದು, ನಾಲಿಗೆಗೆ ಒಂದು ತೊಟ್ಟು ನೀರು, ಒಂದು ತೊಟ್ಟು ಹೆಂಡ ಮುಟ್ಟಿಸಿ ಹೆಸರು ಹೇಳಬೇಕು. ನೀರನ್ನು ನೀರೆನ್ನು, ಹೆಂಡವನ್ನು ಹೆಂಡವೆನ್ನು ಎಂದು ಕಲಿಸಬೇಕು. ಹಾಗೆ ಹೇಳಿದ ಮೇಲೇ ಮಗು ಮನೆಯದು. ಇದಕ್ಕೆ ಸಿಡ್ನಿಯಿಂದ ಟೀಚರ ದೊಡ್ಡಪ್ಪ ಬರುವವರಿದ್ದರು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ತಾಯಿಗೆ ವೀಸಾ ಸಿಕ್ಕಿಲ್ಲ. ಉಳಿದ ಸ್ನೇಹಿತರೆಲ್ಲ ಚಿಕ್ಕ ವಯಸ್ಸಿನವರು.

"ಪುಟ್ಟಮ್ಮ, ನೀವು ಮಾಡ್ತೀರಾ?" ಎಂದರು ಟೀಚರ್.

ನಮ್ಮ ಯಜಮಾನರು ಹೋಗಿ ಹದಿನಾಲ್ಕು ವರ್ಷ. ಮೊಮ್ಮಗಳು ಮಹತಿಯ ನಾಮಕರಣದ ದಿನ ನಾನು ಅಡುಗೆಮನೆಯಲ್ಲಿ ಪಾಯಸ ಕದಡುತ್ತಿದ್ದೆ. ಯಾರೂ ಕಳಿಸಲಿಲ್ಲ, ನಾನೇ ಹೋಗಿ ನಿಂತೆ.

"ಟೀಚರ್, ಮುಚ್ಚಿಡಬಾರದು, ಹೇಳ್ಬಿಡ್ತೀನಿ. ನಾನು ಗಂಡ ಸತ್ತವಳು. ನಮ್ಮಲ್ಲಿ ಇಂಥಾದ್ದಕ್ಕೆ ಮುಂದೆ ಬರಲ್ಲ."

"ಯಾಕೆ, ನೀವೇ ಕೊಂದ್ರಾ?"

"ಅಯ್ಯೋ ಇಲ್ಲ. ಸಕ್ಕರೆ ಕಾಯಿಲೆ. ಅದರ ಮೇಲೆ ಕದ್ದು ಕದ್ದು ಜಿಲೇಬಿ."

ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: "ನೀರು ಮುಟ್ಟಿಸಿದವರ ಗುಣ ಮಗುವಿಗೆ ಬರುತ್ತೆ ಅಂತಾರೆ ನಮ್ಮಲ್ಲಿ. ತನ್ನ ಪಾಸ್‌ಪೋರ್ಟೇ ಸುಳ್ಳು ಅಂದವರು ನನ್ನ ಕ್ಲಾಸಲ್ಲಿ ಒಬ್ಬರೇ."

ನಾಳೆ ಹೇಳುತ್ತೇನೆ ಎಂದು ಎದ್ದೆ.

ಕಾರಿನಲ್ಲಿ ಊರ್ಮಿಳಾ, "ಅಮ್ಮಾ, ಪ್ರೆಷರ್ ಏನಿಲ್ಲ. ನಿಂಗೆ ಕಷ್ಟ ಆದ್ರೆ ನಾನೇ ಮೆಸೇಜ್ ಮಾಡ್ತೀನಿ" ಎಂದಳು. ಸಂಜೆ ವಿಷಯ ಹೇಳಿದ್ದಕ್ಕೆ ಅನಸೂಯ ಫೋನಿನಲ್ಲಿ ಸಿಡಿದಳು.

"ಅರಿಶಿನ ಕುಂಕುಮಕ್ಕೂ ಕೈ ಚಾಚದೋರು ನಾವಿಬ್ರೂ. ನೀನು ಮಗೂಗೇ ಕೈ ಹಾಕ್ತೀಯೇನೇ? ನಾಳೆ ಅದು ಒಂದು ಸೀನು ಸೀನಿದ್ರೂ ನಿನ್ನನ್ನೇ ಅನ್ನೋದು."

ಮಾರನೇ ದಿನ ಅಕ್ಕಿ ಆರಿಸುತ್ತಾ ಲೆಕ್ಕ ಹಾಕಿದೆ. ನಾನು ಅಡುಗೆಮನೆಯಲ್ಲೇ ನಿಂತಿದ್ದರೂ ಮಹತಿಗೆ ಒಂದು ವರ್ಷವೂ ನೆಗಡಿ ತಪ್ಪಿಲ್ಲ. ನಾನು ಹೋಗದಿದ್ದರೆ ಆ ಮಗು ನೆಂಟಳಾಗಿಯೇ ಉಳಿಯುತ್ತದೆ. ಅಕ್ಕಿ ಪಕ್ಕಕ್ಕಿಟ್ಟು ಫೋನ್ ಮಾಡಿ, ಬರುತ್ತೇನೆ ಎಂದೆ.

ಟೀಚರಿಗೆ ನನ್ನ ಮೇಲೆ ಕನಿಕರ. "ನೀವು ಹೆಂಡ ಮುಟ್ಟಲ್ಲ, ಗೊತ್ತು. ಎರಡನೇ ಬಟ್ಟಲಿಗೆ ಸೇಬಿನ ಜ್ಯೂಸ್ ಹಾಕಿರ್ತೀನಿ" ಎಂದರು.

"ಬೇಡ ಟೀಚರ್. ಜ್ಯೂಸ್ ಇಟ್ಟು ಹೆಂಡ ಅಂದ್ರೆ, ಮಗೂಗೆ ಮೊದಲು ಕಲಿಸಿದ್ದೇ ಸುಳ್ಳಾಗುತ್ತೆ. ಹೆಂಡವೇ ಇರ್ಲಿ."

ಮಂಗಳವಾರ ಐದೂಮುಕ್ಕಾಲಿಗೆ ಅವರ ಮನೆಯಲ್ಲಿದ್ದೆವು. ಇನ್ನೂ ಬೆಳಕು ಹರಿದಿರಲಿಲ್ಲ. ಕ್ವಾಮೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನನ್ನ ಕೈಗೆ ಕೊಟ್ಟರು. ಹಿತ್ತಲ ಬಾಗಿಲು ದಾಟಿ ಹುಲ್ಲಿನ ಮೇಲೆ ನಿಂತೆ. ಸಿಡ್ನಿಯ ದೊಡ್ಡಪ್ಪ ಆಸ್ಪತ್ರೆಯ ಹಾಸಿಗೆಯಿಂದ ಫೋನಿನಲ್ಲಿ ನೋಡುತ್ತಿದ್ದರು. ಕ್ವಾಮೆ ಹಿಡಿದ ಮೊದಲ ಬಟ್ಟಲಿಗೆ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿದೆ. ತಪ್ಪು ಮಾತು ಬರಬಾರದೆಂದು ಕನ್ನಡದಲ್ಲೇ ಹೇಳಿದೆ.

"ಅಬೆನಾ, ಇದು ನೀರು. ನೀರು ಅಂದರೆ ನೀರು."

ಮೂರು ಸಲ. ಎರಡನೇ ಬಟ್ಟಲಿನ ಮುಂದೆ ಕೈ ಒಂದು ಕ್ಷಣ ನಿಂತಿತು. ಅದ್ದಿದೆ.

"ಅಬೆನಾ, ಇದು ಹೆಂಡ. ಹೆಂಡ ಅಂದರೆ ಹೆಂಡ."

ಮಗು ಮುಖ ಕಿವುಚಿತು. ದೊಡ್ಡಪ್ಪ ಫೋನಿನೊಳಗಿಂದಲೇ ಚಪ್ಪಾಳೆ ತಟ್ಟಿದರು. ಟೀಚರ್ ಅಳುತ್ತಾ, ಅಂದು ಕಚ್ಚಿ ಇಟ್ಟಿದ್ದಂಥದೇ ಒಂದು ಅಂಟಿನುಂಡೆ ಪೂರ್ತಿ ತಿಂದರು. ನನ್ನ ಬೆರಳಿಗೆ ಹೆಂಡದ ವಾಸನೆಯಿತ್ತು. ತೊಳೆದೆ, ಹೋಯಿತು.

ಮನೆಗೆ ಬರುವಷ್ಟರಲ್ಲಿ ಅನಸೂಯಳ ಫೋನು.

"ಮುಟ್ಟಿದ್ಯಾ?"

"ಮುಟ್ಟಿದೆ. ಗುರುವಾರ ಮತ್ತೆ ಹೋಗ್ತೀನಿ. ನೀನೂ ಬಾ, ಮಗೂನ ಎತ್ಕೊಳ್ಳುವಿಯಂತೆ."

ಆ ಕಡೆ ಉಲ್ಲನ್ನಿನ ಡಬ್ಬಿ ತೆಗೆದ ಸದ್ದು. ಆಮೇಲೆ, "ಕುಲಾವಿ ಹೆಣೀಬೇಕು. ತಲೆ ಎಷ್ಟು ದಪ್ಪ ಇದೆ?"

"ಅಳೆದಿಲ್ಲ ಕಣೇ. ಸುಮ್ನೆ ಏನೋ ಒಂದು ಹೇಳಲ್ಲ. ಟೇಪು ತಗೊಂಡು ಬಾ."