ಕರಿ ನಾಲ್ಕರ ಶ್ರುತಿ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಬಸ್ಸು ಹತ್ತಿಳಿದು ನಾಟಕದವರನ್ನು ಮಾತಾಡಿಸುವುದು ನನ್ನ ಹಳೆಯ ಚಟ. ಮನೆಯಲ್ಲಿ ಬೈಸಿಕೊಂಡಿದ್ದೇನೆ, ಬಿಟ್ಟಿಲ್ಲ. ಹಾಗೆ ಹೋದಲ್ಲೆಲ್ಲ ನನ್ನೊಡನೆ ಹೆಚ್ಚು ಜಗಳಾಡಿದವಳು ಅಕ್ಕಿಆಲೂರಿನ ಒಬ್ಬ ನಟಿ. ಹಳ್ಳಿಯವರು ಆಡುವ ನಾಟಕಗಳಿಗೆ ನಾಯಕಿಯಾಗಿ ಹೋಗುವುದೇ ಅವಳ ಬದುಕು. ವಯಸ್ಸು ಕೇಳಿದರೆ ಕೆಂಡಾಮಂಡಲ! ನಾನು ಅಕ್ಕ ಎಂದು ಕರೆದು ಬಚಾವಾಗುತ್ತಿದ್ದೆ.

ಸಿನಿಮಾದ ಮಾತು ತೆಗೆದರೆ ಸಾಕು, ಅಕ್ಕ ಮೂಗು ಮುರಿಯುತ್ತಿದ್ದಳು. "ಅಲ್ಲಿ ಹಾಡಾಕಿ ಒಬ್ಬಾಕಿ, ಬಾಯಿ ಆಡ್ಸಾಕಿ ಇನ್ನೊಬ್ಬಾಕಿ. ನಂದು ಹಂಗಲ್ರಿ. ಕರಿ ನಾಕು ಅಂದ್ರ ಕರಿ ನಾಕು. ಇವತ್ತಿನ ತನಕ ಇಳದಿಲ್ಲ."

ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ನಾಲ್ಕನೆಯ ಕರಿ ಪಟ್ಟಿ ಅವಳ ಶ್ರುತಿ. ಅಷ್ಟು ಎತ್ತರದಲ್ಲಿ ಹಾಡುವವರು ನಮ್ಮ ಕಡೆ ಉಳಿದಿರಲಿಲ್ಲ. ಊರಿನವರು ಅವಳನ್ನು ಕರೆಯುತ್ತಿದ್ದದ್ದೂ ಅದಕ್ಕೇ. ಪೇಟಿ ನುಡಿಸುತ್ತಿದ್ದವರು ಸವಣೂರಿನ ಮಾಸ್ತರರು. ಯಾವ ಊರಾದರೂ ಜೊತೆಗೆ ಅವರೇ ಬೇಕು. ಅವರು ಎಲೆ ಹಾಕಿಕೊಳ್ಳುತ್ತ "ಹೌದ್ರಿ, ಹುಲಿಯಂಥಾ ದನಿ" ಎನ್ನುತ್ತಿದ್ದರು.

ಕಳೆದ ವರ್ಷ ಮಾಸ್ತರರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಹೋಯಿತು. ದುಂಡಸಿಯ ನಾಟಕಕ್ಕೆ ಕೀಬೋರ್ಡಿನವನನ್ನು ಕರೆಸಿದರು.

"ಅಕ್ಕಾರ, ಶ್ರುತಿ ಯಾವುದ್ರಿ?" ಎಂದು ಅವನು ಮರ್ಯಾದೆಯಿಂದಲೇ ಕೇಳಿದ.

"ಕೇಳೂದೇನೈತಿ? ಕರಿ ನಾಕು!"

ಅವನು ಹೇಳಿದ್ದನ್ನೇ ಕೊಟ್ಟ. ಮೊದಲ ಸಾಲಿಗೇ ಅಕ್ಕನ ಕತ್ತಿನ ನರ ಉಬ್ಬಿದವು. ಮೇಲಿನ ಸ್ವರಕ್ಕೆ ಹೋಗುತ್ತಲೇ ದನಿ ಒಡೆಯಿತು. ಮತ್ತೆ ಹಿಡಿದಳು, ಮತ್ತೆ ಒಡೆಯಿತು. ಯಾರೋ ಸಿಳ್ಳೆ ಹೊಡೆದರು. ಮುಂದೆ ಕೂತವರು ಮೊಬೈಲು ಎತ್ತಿ ಹಿಡಿದಿದ್ದರು. ಕಸಿದು ನೆಲಕ್ಕೆ ಬಡಿಯಬೇಕೆನ್ನಿಸಿತು ನನಗೆ, ಅಷ್ಟು ಸಿಟ್ಟು. ಅಕ್ಕ ಹಾಡು ಬಿಟ್ಟು ಬರೀ ಮಾತಿನಲ್ಲಿ ಪಾತ್ರ ಮುಗಿಸಿದಳು. ಬೆಳಗಾಗುವುದರೊಳಗೆ ಆ ವಿಡಿಯೋ ಚಿಕ್ಕೇರೂರು ಮುಟ್ಟಿತ್ತು. ಅಲ್ಲಿಯವರು ತಮ್ಮ ನಾಟಕಕ್ಕೆ ಬೇರೆ ನಾಯಕಿಯನ್ನು ಗೊತ್ತು ಮಾಡಿದರು.

"ಆ ಡಬ್ಬೀದ ಶ್ರುತಿನ ಸರಿ ಇಲ್ರಿ. ಮಾಸ್ತರ ಕಡೆ ಹೋಗೂಣು ನಡೀರಿ" ಎಂದು ಅಕ್ಕ ನನ್ನನ್ನು ಸವಣೂರಿಗೆ ಎಳೆದುಕೊಂಡು ಹೋದಳು. ಮಾಸ್ತರರು ಗೋಡೆಗೆ ಒರಗಿದ್ದರು. ಪೇಟಿಯನ್ನು ಅವರ ಮುಂದಿಟ್ಟು, ಗಾಳಿಯ ತಿದಿಯನ್ನು ತಾನೇ ಒತ್ತುತ್ತ, "ನನ್ನ ಶ್ರುತಿ ಹಿಡೀರಿ, ಹಾಡ್ತೇನಿ" ಅಂದಳು.

ಮಾಸ್ತರರ ಎಡಗೈ ರೂಢಿಯ ಜಾಗಕ್ಕೆ ಹೋಯಿತು. ಅಕ್ಕ ಕಣ್ಣು ಮುಚ್ಚಿ ಹಾಡಿದಳು. ಏನು ಚೆಂದ ಹಾಡಿದಳು! ದುಂಡಸಿಯಲ್ಲಿ ಒಡೆದ ಸ್ವರ ಇಲ್ಲಿ ಸಲೀಸಾಗಿ ಬಂತು. "ನೋಡಿದ್ರಿಲ್ಲ?" ಎಂದು ಗೆದ್ದವಳ ಹಾಗೆ ಕಣ್ಣು ಬಿಟ್ಟವಳು ಮಾಸ್ತರರ ಬೆರಳು ನೋಡಿದಳು.

ಬೆರಳು ಇದ್ದದ್ದು ಕರಿ ಎರಡರ ಮೇಲೆ. ಅವಳ ದನಿ ಇಳಿದಂತೆಲ್ಲ, ಅವಳಿಗೆ ಹೇಳದೆ, ಅವರು ಶ್ರುತಿಯನ್ನೂ ಇಳಿಸುತ್ತ ಬಂದಿದ್ದರು. ರಂಗದ ಮೇಲೆ ನಿಂತವಳಿಗೆ ಕೆಳಗೆ ಕೂತವರ ಬೆರಳು ಯಾವತ್ತೂ ಕಂಡಿರಲಿಲ್ಲ.

"ಯಾವಾಗಿಂದ್ರಿ?"

ಮಾಸ್ತರರ ಬಾಯಿ ಸೊಟ್ಟಗೆ ಆಡಿತು. ಕಣ್ಣಲ್ಲಿ ನೀರು ಇಳಿಯಿತು.

"ಬಾಯಿ ಇದ್ದಾಗ ಹೇಳಬೇಕಿತ್ತಲ್ರಿ. ಎರಡಂದ್ರ ಎರಡ, ಅದನ್ನ ಹೇಳಿ ಹಾಡ್ತಿದ್ದೆ. ಇನ್ನ ಯಾರ ಕರೀತಾರ ನನ್ನ?"

ಅಕ್ಕ ತಿದಿ ಬಿಟ್ಟು ಎದ್ದಳು. ಪೇಟಿಯ ದನಿ ನಿಂತಿತು. ಮಾಸ್ತರರು ಪಟ್ಟಿಯನ್ನು ಒತ್ತಿಕೊಂಡೇ ಇದ್ದರು.